ಪೂಜೆಗೆ ಕೂತ ಬ್ಯಾಂಡಿನ ಪುಸ್ತಕಗಳು

ಈ ಪರದೇಶದ ಮಿಲ್ಪಿಟಾಸಿನಲ್ಲಿ ವಯಸ್ಸಾದವರಿಗೆ ಅಂತ ಇರುವ ಸೀನಿಯರ್ ಸೆಂಟರಿನಲ್ಲಿ ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ನಮ್ಮ ದೇಶದ ಹೆಂಗಸರೆಲ್ಲ ಒಂದು ರೂಮಿನಲ್ಲಿ ಸೇರುತ್ತಾರೆ. ಮೊದಲು ಕುರ್ಚಿಯ ಮೇಲೆ ಕೂತು ಕೈಕಾಲು ಆಡಿಸುವುದು, ಆಮೇಲೆ ಹೌಸಿ ಆಟ, ಆಮೇಲೆ ಸೊಸೆಯರ ಮೇಲಿನ ದೂರು. ಮೊದಲಿನ ಎರಡಕ್ಕೆ ನನ್ನ ತಕರಾರಿಲ್ಲ. ಮೂರನೆಯದು ಶುರುವಾದರೆ ಎದ್ದುಬಿಡುತ್ತೇನೆ. ನನಗೆ ಸೊಸೆ ಇಲ್ಲ. ಇರುವವಳು ಒಬ್ಬಳೇ ಮಗಳು, ಅವಳ ಮನೆಯಲ್ಲೇ ಇದ್ದೇನೆ. ಅವಳನ್ನು ಬೈಯಬೇಕಾದರೆ ಎದುರಿಗೇ ಬೈಯುತ್ತೇನೆ, ಅದಕ್ಕೆ ಇಪ್ಪತ್ತು ಜನ ಕೂರಬೇಕಾಗಿಲ್ಲ.

ಹಾಗೆ ಎದ್ದು ಹೊರಗೆ ಬಂದ ಒಂದು ಮಂಗಳವಾರ ಪಕ್ಕದ ದೊಡ್ಡ ಹಾಲಿನ ಬಾಗಿಲು ತೆಗೆದಿತ್ತು. ಒಳಗೆ ಹದಿನಾರು ಜನ ಮುದುಕ ಮುದುಕಿಯರು ಮೂರು ಸಾಲಾಗಿ ಕೂತಿದ್ದರು. ಮುಂದಿನ ಸಾಲಿನಲ್ಲಿ ಸ್ಯಾಕ್ಸೊಫೋನು, ಅದರ ಹಿಂದೆ ಕೊಳವೆಯನ್ನು ಹಿಂದಕ್ಕೂ ಮುಂದಕ್ಕೂ ಎಳೆದಾಡುವ ಟ್ರಾಂಬೋನು, ಕೊನೆಯ ಸಾಲಿನಲ್ಲಿ ಟ್ರಂಪೆಟ್ಟು. ಪಕ್ಕದಲ್ಲಿ ಪಿಯಾನೋ, ಡ್ರಮ್ಮು, ಆಳೆತ್ತರದ ಪಿಟೀಲಿನಂಥದ್ದೊಂದು. ಎಲ್ಲರೂ ಒಟ್ಟಿಗೆ ಊದಿದಾಗ ನನ್ನ ಕೈಲಿದ್ದ ಸ್ಟೀಲಿನ ನೀರಿನ ಬಾಟ್ಲಿ ನಡುಗಿತು. ಮದುವೆ ಮನೆಯ ವಾಲಗ ಕೇಳಿ ಬೆಳೆದವಳು ನಾನು, ಸದ್ದಿಗೆ ಹೆದರುವವಳಲ್ಲ. ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತೆ.

ಕೂತದ್ದು ಹಾಡು ಕೇಳೋಕಲ್ಲ, ನಿಜ ಹೇಳುತ್ತೇನೆ. ಹಾಡಿಗೂ ಹಾಡಿಗೂ ನಡುವೆ ಆ ಜನ ಪಡುತ್ತಿದ್ದ ಅವಸ್ಥೆ ನೋಡೋಕೆ. ಮುಂದೆ ನಿಂತು ಕೈ ಆಡಿಸುವವರು ಯಾವುದೋ ಸ್ಕೂಲಿನಲ್ಲಿ ಸಂಗೀತ ಕಲಿಸಿ ರಿಟೈರಾದವರು. ನಾನು ಅವರನ್ನು ಮೇಷ್ಟ್ರು ಅಂತಲೇ ಕರೆಯುತ್ತೇನೆ. ಒಂದೊಂದು ಹಾಡಿಗೂ ಒಂದು ನಂಬರು, ಮೇಷ್ಟ್ರು ಅದನ್ನು ಕೂಗುತ್ತಾರೆ. ಹದಿನಾರು ಜನರ ಹತ್ತಿರವೂ ಒಂದೊಂದು ದಪ್ಪ ಫೈಲು. ನಂಬರು ಕೂಗಿದ ತಕ್ಷಣ ಎಲ್ಲರೂ ಬಗ್ಗಿ ತಮ್ಮ ಫೈಲಿನಲ್ಲಿ ಹಾಳೆ ಹುಡುಕುತ್ತಾರೆ. ಒಬ್ಬರಿಗೆ ಸಿಕ್ಕರೆ ಇನ್ನೊಬ್ಬರಿಗೆ ಸಿಕ್ಕುವುದಿಲ್ಲ. ಕನ್ನಡಕವನ್ನು ಹಣೆಗೇರಿಸಿಕೊಂಡು ಕನ್ನಡಕ ಹುಡುಕುವವರು ಬೇರೆ. ಹಾಳೆ ನೆಲಕ್ಕೆ ಬೀಳುತ್ತೆ, ಅದರ ಮೇಲೆ ಶೂ ಕಾಲು ಇಡುತ್ತಾರೆ. ಅದನ್ನು ನನ್ನ ಕೈಲಿ ನೋಡೋಕಾಗಲಿಲ್ಲ. ಎದ್ದು ಹೋಗಿ ಬಿದ್ದ ಹಾಳೆಗಳನ್ನು ಎತ್ತಿಕೊಂಡೆ, ಕಣ್ಣಿಗೊತ್ತಿಕೊಂಡೆ, ಮೂಲೆಯಲ್ಲಿದ್ದ ನಂಬರು ನೋಡಿ ಅವರವರ ಫೈಲಿಗೆ ಸೇರಿಸಿದೆ.

ನಾನು ಓದಿದ್ದು ನಾಲ್ಕನೇ ಕ್ಲಾಸು, ಅದೂ ಮಂಡ್ಯದ ಹತ್ತಿರದ ಒಂದು ಊರಲ್ಲಿ. ಇಂಗ್ಲಿಷು ಬರುವುದಿಲ್ಲ, ನಂಬರು ಬರುತ್ತೆ. ಅವರ ಸಂಗೀತದ ಬರವಣಿಗೆ ನನ್ನ ಕಣ್ಣಿಗೆ ಗೆರೆಗಳ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಕಾಣುತ್ತೆ. ಆದರೆ ಜೋಡಿಸೋಕೆ ಅದು ಬೇಕಾಗಿಲ್ಲ. ಹಾಳೆಯ ಬಲಮೂಲೆಯಲ್ಲಿ ಹಾಡಿನ ನಂಬರು, ಎಡಮೂಲೆಯಲ್ಲಿ ಯಾವ ವಾದ್ಯದ್ದು ಅನ್ನುವ ಗುರುತು, ಅಷ್ಟು ಸಾಕು. ಎರಡು ತಿಂಗಳಲ್ಲಿ ಹದಿನಾರು ಫೈಲೂ ಒಂದರಿಂದ ತೊಂಬತ್ತರವರೆಗೆ ಸಾಲಾಗಿ ಬಂದವು. ಮೇಷ್ಟ್ರು ಫೈಲುಗಳನ್ನಿಡುವ ಬೀರುವಿನ ಬೀಗದ ಕೈ ನನ್ನ ಕೈಗೆ ಕೊಟ್ಟರು. ನನ್ನನ್ನು ಲೈಬ್ರೇರಿಯನ್ ಅಂತ ಕರೆದರು. ಮನೆಗೆ ಬಂದು ಮಗಳಿಗೆ ಹೇಳಿದರೆ ಅವಳು ಸೆಂಟರಿಗೆ ಫೋನು ಮಾಡಿ ವಿಚಾರಿಸಿಕೊಂಡ ಮೇಲೆ ನಂಬಿದಳು.

ಈ ಬ್ಯಾಂಡಿನಲ್ಲಿ ಎರಡನೇ ಟ್ರಂಪೆಟ್ಟು ಊದುತ್ತಿದ್ದವರ ವಿಷಯಕ್ಕೇ ನಾನು ಇದನ್ನು ಬರೆಯುತ್ತಿರುವುದು. ಎಂಬತ್ತು ದಾಟಿದ ಉದ್ದನೆಯ ಕಪ್ಪು ಮನುಷ್ಯ. ಅವರ ತಂದೆ ಯುದ್ಧದ ಕಾಲದಲ್ಲಿ ಹಡಗು ಕಟ್ಟುವ ಕೆಲಸಕ್ಕೆ ಅಂತ ಈ ದೇಶದ ದಕ್ಷಿಣದ ಕಡೆಯಿಂದ ಓಕ್‌ಲ್ಯಾಂಡಿಗೆ ಬಂದು ನಿಂತವರಂತೆ. ಇವರು ನಲವತ್ತು ವರ್ಷ ಬಸ್ಸು ಓಡಿಸಿ ರಿಟೈರಾದವರು. ನಾನು ಅವರಿಗೆ ಯಜಮಾನ್ರೇ ಅನ್ನುತ್ತಿದ್ದೆ. ಅದರ ಅರ್ಥ ಏನು ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ, ಕರೆದರೆ ತಿರುಗಿ ನೋಡುತ್ತಿದ್ದರು.

ಟ್ರಂಪೆಟ್ಟಿನ ಸಾಲಿನಲ್ಲಿ ಮೊದಲನೆಯವರದು ಎತ್ತರದ ಸ್ವರ ಹಿಡಿದು ಎಲ್ಲರನ್ನೂ ಎಳೆದುಕೊಂಡು ಹೋಗುವ ಕೆಲಸ. ಎದ್ದು ನಿಂತು ಒಬ್ಬರೇ ಊದುವುದು ಎರಡನೆಯವರ ಕೆಲಸ. ಸೋಲೋ ಅನ್ನುತ್ತಾರೆ. ನಲವತ್ತೆರಡನೇ ನಂಬರಿನಲ್ಲಿ ಯಜಮಾನರ ದೊಡ್ಡ ಸೋಲೋ ಇತ್ತು. ಆ ಹಾಳೆ ಜೋಡಿಸುವಾಗ ನನಗೆ ಒಂದು ಅನುಮಾನ ಬಂತು. ನಡುವೆ ಅರ್ಧ ಪುಟ ಖಾಲಿ. ಸಾಸಿವೆ ಇಲ್ಲ, ಬರೀ ಓರೆ ಗೀಟು. ಜೆರಾಕ್ಸು ಮಾಡುವಾಗ ಸರಿಯಾಗಿ ಬಿದ್ದಿಲ್ಲ ಅಂದುಕೊಂಡೆ. ಬೇಸಿಗೆ ರಜದಲ್ಲಿ ಮೊಮ್ಮಗಳು ನನ್ನ ಜೊತೆ ಬರುತ್ತಿದ್ದಳು. ಹದಿಮೂರು ವರ್ಷದವಳು, ನಾವು ಆಡುವ ಕನ್ನಡವೆಲ್ಲ ಅರ್ಥವಾಗುತ್ತೆ, ಬಾಯಿ ಬಿಟ್ಟರೆ ಇಂಗ್ಲಿಷು. ಅವಳ ಕೈಲಿ ಕೇಳಿಸಿದೆ.

"ಅಜ್ಜಿ, ಅದು ಬೇಕಂತಲೇ ಖಾಲಿಯಂತೆ. ಅಲ್ಲಿ ಅವರು ಏನು ಬೇಕಾದ್ರೂ ಊದಬಹುದಂತೆ. ಹಿ ಮೇಕ್ಸ್ ಇಟ್ ಅಪ್."

"ಏನು ಬೇಕಾದ್ರೂ ಅಂದ್ರೆ, ವಾರ ವಾರ ಅದನ್ನೇ ಊದ್ತಾರಲ್ಲ. ಒಂಚೂರೂ ವ್ಯತ್ಯಾಸ ಇಲ್ಲ. ಕೇಳು."

"ಅಜ್ಜಿ, ದಟ್ಸ್ ರೂಡ್. ನಾನು ಕೇಳಲ್ಲ."

"ನೀನು ಕೇಳ್ತಿಲ್ಲ, ನಾನು ಕೇಳ್ತಿರೋದು. ನೀನು ಬರೀ ಹೇಳು."

ಅವಳು ಕೆಂಪಗಾಗಿ ಹೇಳಿದಳು. ಯಜಮಾನರು ನನ್ನನ್ನು ನೋಡಿ ನಕ್ಕುಬಿಟ್ಟರು. ಇಷ್ಟು ವರ್ಷದಲ್ಲಿ ಅದನ್ನು ಕಂಡುಹಿಡಿದವಳು ನೀನೊಬ್ಬಳೇ ಅಂದರಂತೆ. ಅದು ಅವರದಲ್ಲ. ಅವರ ತಂದೆಯ ಹತ್ತಿರವಿದ್ದ ಒಂದು ಹಳೇ ರೆಕಾರ್ಡಿನಲ್ಲಿ ಯಾರೋ ಊದಿದ್ದು. ಹದಿನೈದು ವರ್ಷದವರಿದ್ದಾಗ ಮುಳ್ಳನ್ನು ಎತ್ತಿ ಎತ್ತಿ ಅದೇ ಜಾಗಕ್ಕೆ ಇಟ್ಟು, ತಟ್ಟೆ ಸವೆಯುವವರೆಗೆ ಕೇಳಿ, ಒಂದು ಸ್ವರ ಬಿಡದೆ ಕಲಿತರಂತೆ. ಅಲ್ಲಿಂದ ಎಲ್ಲಿ ಎದ್ದು ನಿಂತರೂ ಅದೇ.

"ಸ್ವಂತದ್ದು ಯಾಕೆ ಊದಲಿಲ್ಲ ಕೇಳು."

ಈ ಸಲ ಮೊಮ್ಮಗಳು ತಕರಾರು ಮಾಡದೆ ಕೇಳಿದಳು. ಅವರು ಟ್ರಂಪೆಟ್ಟು ಒರೆಸುತ್ತಾ ಹೇಳಿದ್ದು ಒಂದೇ ಮಾತು. ಅವನು ಊದಿದ್ದಕ್ಕಿಂತ ಚೆನ್ನಾಗಿರೋದು ನನ್ನ ತಲೆಗೆ ಯಾವತ್ತೂ ಬರಲಿಲ್ಲ.

ಅವತ್ತು ಅವರು ಬಹಳ ಹೊತ್ತು ಮಾತಾಡಿದರು. ಮೊಮ್ಮಗಳು ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಜೋಡಿಸಿಕೊಂಡದ್ದು ಇಷ್ಟು. ಮೊದಮೊದಲು ಈ ಜಾಝ್ ಸಂಗೀತದಲ್ಲಿ ಆರೇಳು ಜನ ಇರುತ್ತಿದ್ದರಂತೆ. ಎಲ್ಲರೂ ಒಟ್ಟಿಗೇ ಊದುವುದು, ಒಬ್ಬರ ಮೇಲೊಬ್ಬರು. ಆಮೇಲೆ ಒಬ್ಬಿಬ್ಬರು ಬಂದರು. ಅವರು ಊದಿದರೆ ಪಕ್ಕದವರಿಗೆ ತಮ್ಮ ವಾದ್ಯ ಕೆಳಗಿಟ್ಟು ಕೇಳೋಣ ಅನಿಸುತ್ತಿತ್ತಂತೆ. ಹಾಗೆ ಒಬ್ಬನೇ ಎದ್ದು ನಿಲ್ಲುವುದು ಶುರುವಾಯಿತು. ಆಗಿನ ರೆಕಾರ್ಡಿನ ಒಂದು ಮಗ್ಗುಲಿಗೆ ಮೂರು ನಿಮಿಷಕ್ಕಿಂತ ಜಾಸ್ತಿ ಹಿಡಿಯುತ್ತಿರಲಿಲ್ಲ, ಅದರಲ್ಲಿ ನಿಂತವನ ಪಾಲಿಗೆ ಅರ್ಧ ನಿಮಿಷ. ಹೇಳುವುದನ್ನು ಅಷ್ಟರಲ್ಲೇ ಹೇಳಿ ಕೂರಬೇಕು. ಮುಂದೆ ಕುಣಿಯೋಕೆ ಬರುವ ಜನ ಹೆಚ್ಚಾದರು, ಹಾಲು ದೊಡ್ಡದಾಯಿತು, ಆರು ಜನರ ಸದ್ದು ಹಿಂದಿನ ಗೋಡೆಗೆ ಮುಟ್ಟಬೇಡವೇ. ಹತ್ತಾದರು, ಹದಿನಾರಾದರು. ಹದಿನಾರು ಜನ ತೋಚಿದ್ದು ಊದಿದರೆ ಸಂತೆಯಾಗುತ್ತೆ ಅಂತ ಪ್ರತಿಯೊಬ್ಬರಿಗೂ ಬರೆದು ಕೊಡುವುದು ಬಂತು. ಅದೇ ಸ್ವಿಂಗ್ ಬ್ಯಾಂಡು. ನಡುವೆ ಖಾಲಿ ಬಿಟ್ಟಿರುವ ಜಾಗ, ಹಿಂದಿನ ಆ ಒಬ್ಬಂಟಿಗೆ ಅಂತ ಉಳಿಸಿದ್ದು.

ಊದುವವರಲ್ಲಿ ಬಹಳ ಮಂದಿ ತಮ್ಮವರೇ, ಕಪ್ಪು ಜನರೇ ಆಗಿದ್ದರು ಅಂದರು. ದೊಡ್ಡ ಹೋಟೆಲಿನ ಹಾಲಲ್ಲಿ ಬೆಳಗಿನವರೆಗೆ ಜನರನ್ನು ಕುಣಿಸಿ, ಅದೇ ಹೋಟೆಲಿನಲ್ಲಿ ಊಟಕ್ಕೆ ಕೂರುವ ಹಾಗಿರಲಿಲ್ಲವಂತೆ. ಮೊಮ್ಮಗಳ ಮುಖ ಸಣ್ಣಗಾಯಿತು. ನನ್ನ ಮದುವೆಯಲ್ಲಿ ಎರಡು ದಿನ ವಾಲಗ ಊದಿದವರಿಗೆ ಎಲ್ಲರ ಪಂಕ್ತಿಯೂ ಮುಗಿದ ಮೇಲೆ ದನದ ಕೊಟ್ಟಿಗೆಯ ಹತ್ತಿರ ಎಲೆ ಹಾಕಿದ್ದರು. ನಾನು ನೋಡಿರಲಿಲ್ಲ ಅಂತಲ್ಲ. ನೋಡಿದ್ದೆ, ಏನೂ ಅನಿಸಿರಲಿಲ್ಲ. ಅದನ್ನು ಅವರಿಗೆ ಹೇಳು ಅಂತ ಮೊಮ್ಮಗಳಿಗೆ ಹೇಳಬೇಕಿತ್ತು, ಹೇಳಲಿಲ್ಲ.

ಸೆಪ್ಟೆಂಬರಿನ ಹೊತ್ತಿಗೆ ಯಜಮಾನರು ಊದುವ ಮುಂಚೆ ಬಾಯಿಯ ಮೇಲೆ ಬೆರಳೊತ್ತಿಕೊಳ್ಳುವುದು ನನ್ನ ಕಣ್ಣಿಗೆ ಬಿತ್ತು. ಬಿಸ್ಕತ್ತನ್ನು ಕಾಫಿಯಲ್ಲಿ ಅದ್ದಿ ಒಂದು ಮಗ್ಗುಲಲ್ಲೇ ತಿನ್ನುತ್ತಿದ್ದರು. ಮನೆಯಿಂದ ಲವಂಗ ಒಯ್ದು ಕೊಟ್ಟೆ, ಇಟ್ಟುಕೊಂಡರು. ಮೇಲಿನ ಮುಂದಿನ ಹಲ್ಲು ಮೂರು ಬೇರಿನಲ್ಲಿ ಕೊಳೆತಿದ್ದವು. ತೆಗೆಯಲೇಬೇಕು ಅಂತ ಹಲ್ಲಿನ ಡಾಕ್ಟರು ಹೇಳಿದ್ದರು. ನಮಗೆ ನಿಮಗೆ ಹಲ್ಲು ಹೋದರೆ ಕಟ್ಟಿಸಿಕೊಂಡು ಚಕ್ಕುಲಿ ತಿನ್ನುತ್ತೇವೆ. ಟ್ರಂಪೆಟ್ಟಿನವರ ಲೆಕ್ಕ ಬೇರೆ. ತುಟಿಗೆ ಹಿಂದಿನಿಂದ ಒತ್ತು ಕೊಡುವುದೇ ಆ ಹಲ್ಲು, ಕಟ್ಟಿಸಿದ ಹಲ್ಲಿನ ಮೇಲೆ ಆ ಸ್ವರ ಮತ್ತೆ ನಿಲ್ಲುತ್ತೆ ಅನ್ನುವ ನಂಬಿಕೆ ಆ ವಯಸ್ಸಿನಲ್ಲಿ ಇಲ್ಲ. ಹಾಗಾಗಿ ಬ್ಯಾಂಡಿನವರು ವರ್ಷಕ್ಕೊಮ್ಮೆ ಪಾರ್ಕಿನಲ್ಲಿ ಕೊಡುವ ಕಾರ್ಯಕ್ರಮದಲ್ಲಿ ಈ ಸಲ ನಲವತ್ತೆರಡಕ್ಕೆ ಎದ್ದು ನಿಂತರೆ ಅದೇ ಕೊನೆ. ಎಲ್ಲರಿಗೂ ಗೊತ್ತಿತ್ತು.

ಅಷ್ಟರಲ್ಲಿ ದಸರಾ ಬಂತು. ಕಾರ್ಯಕ್ರಮ ವಿಜಯದಶಮಿ ಕಳೆದು ಆರು ದಿನಕ್ಕೆ ಅಂತ ಗೊತ್ತಾಗಿತ್ತು. ಮಂಗಳವಾರ ಅಭ್ಯಾಸ ಮುಗಿದ ಮೇಲೆ ಹದಿನಾರು ಫೈಲನ್ನೂ ಮಗಳ ಕಾರಿಗೆ ಹಾಕಿಸಿಕೊಂಡು ಮನೆಗೆ ತಂದೆ. ಹರಿದ ಹಾಳೆಗೆ ಟೇಪು ಹಚ್ಚಬೇಕಿತ್ತು. ಬುಧವಾರವೆಲ್ಲ ಅದೇ ಕೆಲಸ. ಗುರುವಾರ ಸರಸ್ವತಿ ಪೂಜೆ. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ದೇವರ ಮುಂದೆ ಮಣೆ ಹಾಕಿ, ಮೊಮ್ಮಗಳ ಲೆಕ್ಕದ ಪುಸ್ತಕ, ಮಗಳ ಆಫೀಸಿನ ಡೈರಿ ಎಲ್ಲ ಇಟ್ಟೆ. ಬ್ಯಾಂಡಿನ ಫೈಲುಗಳು ಅಲ್ಲೇ ಟೇಬಲ್ಲಿನ ಮೇಲಿದ್ದವು. ಮನೆಯಲ್ಲಿ ಪುಸ್ತಕ ಇದ್ದ ಮೇಲೆ ಪೂಜೆಗೆ ಇಡದೆ ಇರುತ್ತಾರೆಯೇ. ನಾಲ್ಕು ಸಾಲು ಮಾಡಿ ಇಟ್ಟೆ, ಮೇಲೆ ರವಿಕೆ ಬಟ್ಟೆ ಹೊದಿಸಿ ಅರಿಶಿನ ಕುಂಕುಮ ಹಚ್ಚಿದೆ, ಹೂ ಏರಿಸಿದೆ. ಇಟ್ಟ ಮೇಲೆ ಭಾನುವಾರ ವಿಜಯದಶಮಿಯ ದಿನ ಮತ್ತೆ ಪೂಜೆ ಮಾಡಿ ಎತ್ತುವವರೆಗೆ ಯಾರೂ ಮುಟ್ಟುವ ಹಾಗಿಲ್ಲ, ಬಿಡಿಸಿ ನೋಡುವ ಹಾಗಿಲ್ಲ. ಅದು ಎಲ್ಲರಿಗೂ ಗೊತ್ತಿರುವುದೇ.

ಸಂಜೆ ಐದಕ್ಕೆ ಮೇಷ್ಟ್ರು ಮಗಳಿಗೆ ಫೋನು ಮಾಡಿದರು. ಯಜಮಾನರಿಗೆ ಬುಧವಾರ ಮುಖ ಊದಿಕೊಂಡಿತ್ತು. ಇನ್ನು ಕಾಯುವ ಹಾಗಿಲ್ಲ, ಸೋಮವಾರವೇ ಹಲ್ಲು ತೆಗೆಯಬೇಕು ಅಂದುಬಿಟ್ಟಿದ್ದಾರೆ ಡಾಕ್ಟರು. ಅದಕ್ಕೆ ಮೇಷ್ಟ್ರು ಓಡಾಡಿ, ಅದೇ ಪಾರ್ಕಿನಲ್ಲಿ ಈ ಶನಿವಾರ ಬೀಸಣಿಗೆ ಹಿಡಿದು ಕುಣಿಯಬೇಕಿದ್ದ ಚೀನಾದ ಹೆಂಗಸರ ಗುಂಪನ್ನು ಕೇಳಿಕೊಂಡು, ಅವರ ಶನಿವಾರ ನಾವು ತೆಗೆದುಕೊಂಡು ನಮ್ಮ ಶನಿವಾರ ಅವರಿಗೆ ಬಿಟ್ಟು ಬಂದಿದ್ದರು. ಕಾರ್ಯಕ್ರಮ ನಾಡಿದ್ದೇ. ನಾಳೆ ನಾಲ್ಕಕ್ಕೆ ಅಭ್ಯಾಸ, ಫೈಲು ತನ್ನಿ.

ಮಗಳು ಫೋನಿಟ್ಟು ದೇವರ ಕಡೆ ನೋಡಿದಳು.

"ಅವ್ವ, ಎತ್ತಿ ಕೊಟ್ಟುಬಿಡು. ಏನೂ ಆಗಲ್ಲ."

"ಏನೂ ಆಗಲ್ಲ ಅಂತ ನಂಗೂ ಗೊತ್ತು. ಆಕಾಶ ಬೀಳಲ್ಲ. ಆದ್ರೆ ಕೂರಿಸಿದ ಮೇಲೆ ನಡುವೆ ಎಬ್ಬಿಸೋದು ಯಾವ ರೀತಿ."

"ನಾನು ಲ್ಯಾಪ್‌ಟಾಪ್ ತೊಗೊಂಡು ಹೋಗಿದ್ದಕ್ಕೆ ಏನೂ ಅನ್ನಲಿಲ್ಲ."

"ಅದನ್ನ ನಾನು ಇಟ್ಟೇ ಇರಲಿಲ್ಲ. ನೀನು ಹಿಂಗೇ ಮಾಡ್ತೀಯ ಅಂತ."

"ಬೇರೆಯವರ ಪುಸ್ತಕ ಯಾಕೆ ಇಟ್ಟೆ ಹಾಗಾದ್ರೆ? ಅವರನ್ನ ಕೇಳಿದ್ಯಾ?"

ಕೇಳಿರಲಿಲ್ಲ. ನನ್ನ ಕೈಗೆ ಬಂದ ಮೇಲೆ ನನ್ನದು ಅಂತಲೇ ಅಂದುಕೊಂಡಿದ್ದೆ.

ರಾತ್ರಿ ಮಲಗುವ ಹೊತ್ತಿಗೆ ತೀರ್ಮಾನ ಮಾಡಿದೆ. ಪುಸ್ತಕ ಅವರದು, ಹಲ್ಲು ಅವರದು. ಯಜಮಾನರನ್ನೇ ಕೇಳುವುದು. ಎತ್ತು ಅಂದರೆ ಬಂದು ಎತ್ತಿಕೊಡುವುದು, ಪಾಪ ಬಂದರೆ ನನ್ನ ತಲೆಗೆ. ಸೆಂಟರಿನಿಂದ ನಮ್ಮ ಮನೆಗೆ ಕಾರಿನಲ್ಲಿ ಹತ್ತು ನಿಮಿಷ.

ಶುಕ್ರವಾರ ಮೊಮ್ಮಗಳ ಸ್ಕೂಲು ಬಿಟ್ಟ ಮೇಲೆ ಮೂವರೂ ಹೋದೆವು. ಬರಿಗೈಲಿ ಬಂದದ್ದು ನೋಡಿ ಮೇಷ್ಟ್ರು ಕಾರಿನ ಕಡೆ ನೋಡಿದರು. ನಾನು ಮುಂದೆ ನಿಂತು ಕನ್ನಡದಲ್ಲೇ ಇದ್ದದ್ದು ಇದ್ದ ಹಾಗೆ ಹೇಳಿದೆ, ಮೊಮ್ಮಗಳು ಇಂಗ್ಲಿಷಿನಲ್ಲಿ ಹೇಳಿದಳು. ಮೊದಲನೇ ಸ್ಯಾಕ್ಸೊಫೋನಿನವರು, ಎಂಜಿನಿಯರ್ ಆಗಿದ್ದವರು, ಹಾಳೆಯಿಂದ ಕಣ್ಣು ತೆಗೆಯದೆ ಊದುವವರು, ಎದ್ದು ನಿಂತು ಏನೋ ಜೋರಾಗಿ ಅಂದರು. ಮೊಮ್ಮಗಳು ನನಗೆ ಅದನ್ನು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಯಜಮಾನರ ಬಲಗೆನ್ನೆ ಊದಿತ್ತು. ಕೂತಲ್ಲಿಂದಲೇ ಏನೋ ಕೇಳಿದರು, ಮೊಮ್ಮಗಳು ನನಗೆ ಹೇಳಿದಳು. "ಎಷ್ಟು ದಿನ ಮುಟ್ಟೋ ಹಾಗಿಲ್ಲ ಅಂತ ಕೇಳ್ತಿದ್ದಾರೆ ಅಜ್ಜಿ."

"ಭಾನುವಾರ ಬೆಳಿಗ್ಗೆವರೆಗೆ. ಆದ್ರೆ ಅವರು ಬೇಕು ಅಂದ್ರೆ ಈಗ್ಲೇ ಹೋಗಿ ತರ್ತೀನಿ ಅನ್ನು. ಅವರ ಬಾಯಿಂದ ಬರಲಿ, ಬೇರೆಯವರದು ಬೇಡ."

"ಯಾಕೆ ಇಡ್ತೀರ ಅಂತ."

"ವರ್ಷವೆಲ್ಲ ಅದರಿಂದ ಕೆಲಸ ತೆಗೀತೀವಿ. ನಾಲ್ಕು ದಿನ ಅದಕ್ಕೂ ರಜ."

ಮೊಮ್ಮಗಳು ಹೇಳುತ್ತಿದ್ದ ಹಾಗೆ ಅವರು ತಲೆ ಆಡಿಸಿದರು. ಆಮೇಲೆ ಕೇಳಿದ್ದು, ಟ್ರಂಪೆಟ್ಟು ಪೂಜೆಗೆ ಕೂತಿಲ್ಲ ತಾನೇ ಅಂತ. ಇಲ್ಲ ಅಂದೆ. ಹಾಗಾದರೆ ಪುಸ್ತಕ ಅಲ್ಲೇ ಇರಲಿ ಅಂದರು.

ಮೇಷ್ಟ್ರು ಬೇಡ ಅಂದರು. ಇದು ನಿನ್ನ ಕೊನೇ ಸಲ, ಹಾಳೆ ಇಲ್ಲದೆ ಇವರೆಲ್ಲ ಕೆಟ್ಟರೆ ನಿನ್ನ ಸೋಲೋ ಕೆಡುತ್ತೆ ಅಂದರು. ಅದಕ್ಕೆ ಯಜಮಾನರು ಸಾವಕಾಶವಾಗಿ ಹೇಳಿದರು. ಹಿಂದೆ ಈ ದೇಶದ ನಡುಭಾಗದ ಕೆಲವು ಬ್ಯಾಂಡುಗಳಲ್ಲಿ ಹಾಳೆಯೇ ಇರಲಿಲ್ಲ. ಒಬ್ಬ ಸಣ್ಣದೊಂದು ತುಣುಕು ಊದುತ್ತಿದ್ದ, ಅವನ ಸಾಲಿನವರು ಅದನ್ನು ಹಿಡಿದುಕೊಳ್ಳುತ್ತಿದ್ದರು, ಹಿಂದಿನ ಸಾಲು ಅದಕ್ಕೊಂದು ಉತ್ತರ ಹುಡುಕುತ್ತಿತ್ತು. ಇಡೀ ಹಾಡು ತಲೆಯಲ್ಲೇ ಕಟ್ಟಿದ್ದು. ನನ್ನ ಅಪ್ಪ ಅಂಥ ಬ್ಯಾಂಡಿಗೆ ಕುಣಿದಿದ್ದ. ನಾನು ಅಂಥದ್ದರಲ್ಲಿ ಒಂದು ದಿನವೂ ಕೂತಿಲ್ಲ. ಸೋಮವಾರದ ಮೇಲೆ ಕೂರೋಕೆ ಆಗೋದೂ ಇಲ್ಲ ಅಂದರು.

ಎಂಜಿನಿಯರು ಕೂತರು.

ಆಮೇಲಿನ ಎರಡು ಗಂಟೆ ಏನು ಕೇಳುತ್ತೀರಿ. ವಾರ ವಾರ ಊದುತ್ತಿದ್ದ ಹಾಡಿನಲ್ಲಿ ತಮ್ಮ ಪಾಲಿನದು ಏನು ಅಂತಲೇ ಅರ್ಧ ಜನಕ್ಕೆ ಗೊತ್ತಿರಲಿಲ್ಲ. ಹಾಳೆಗೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ. ಹನ್ನೆರಡು ಹಾಡಿನ ಪಟ್ಟಿ ಐದಕ್ಕೆ ಇಳಿಯಿತು. ನಲವತ್ತೆರಡನ್ನು ಹಾಗೇ ಊದೋಕೆ ಆಗಲೇ ಇಲ್ಲ. ಕೊನೆಗೆ ಎಲ್ಲರಿಗೂ ಬರುವ ಒಂದು ಸುತ್ತಿನ ಮೇಲೆ, ತಾಳದ ಹನ್ನೆರಡು ಆವರ್ತಕ್ಕೆ ಮುಗಿದು ಮತ್ತೆ ಮೊದಲಿನಿಂದ ಶುರುವಾಗುವ ಸುತ್ತದು, ಅದರ ಮೇಲೆ ಹೊಸದಾಗಿ ಕಟ್ಟಿದರು. ವೇಗ ಬಹಳ ಇಳಿಸಿದರು. ಸ್ಯಾಕ್ಸೊಫೋನಿನ ತುಣುಕು ಹುಡುಕಿದ್ದು ಎಂಜಿನಿಯರೇ. ಊದಿ ತೋರಿಸುವ ಮೊದಲು ಬಾಯಲ್ಲಿ ಹಾಡಿ ತೋರಿಸಿದರು, ಕಿವಿ ಕೆಂಪಗಾಗಿತ್ತು. ಟ್ರಾಂಬೋನಿನವರು ಅದಕ್ಕೆ ಉತ್ತರ ಕೊಟ್ಟರು. ಎಷ್ಟು ಸುತ್ತು ಅನ್ನುವುದಕ್ಕೆ ಲೆಕ್ಕವಿಲ್ಲ. ಮೇಷ್ಟ್ರು ತಮ್ಮ ತಲೆಯ ಮೇಲೆ ಕೈಯಿಟ್ಟರೆ ಮೊದಲ ತುಣುಕಿಗೆ ಹೋಗಿ ಮುಗಿಸಬೇಕು, ಅದೊಂದೇ ಗುರುತು. ಯಜಮಾನರು ಅವತ್ತು ಊದಲಿಲ್ಲ, ನಾಳೆಗೆ ಬಾಯಿ ಉಳಿಸಿಕೊಳ್ಳುತ್ತೇನೆ ಅಂದರು.

ಶನಿವಾರ ಮಧ್ಯಾಹ್ನ ಪಾರ್ಕಿನಲ್ಲಿ ಜನ ಸೇರಿದ್ದರು. ಹುಲ್ಲಿನ ಮೇಲೆ ಮಡಿಸುವ ಕುರ್ಚಿ, ನಾಯಿಗಳು, ಮಕ್ಕಳ ಗಾಡಿ. ಮಗಳು ಮೊಸರನ್ನದ ಡಬ್ಬಿ ತಂದಿದ್ದಳು, ನನಗೆ ತಿನ್ನಲು ಮನಸ್ಸಿರಲಿಲ್ಲ. ಹದಿನಾರು ಜನ ಕಪ್ಪು ಕೋಟು ಹಾಕಿಕೊಂಡು, ಮುಂದೆ ಖಾಲಿ ಸ್ಟ್ಯಾಂಡು ಇಟ್ಟುಕೊಂಡು ಕೂತಿದ್ದರು. ಸ್ಟ್ಯಾಂಡು ಇಲ್ಲದಿದ್ದರೆ ಬೆತ್ತಲೆ ಕೂತ ಹಾಗಾಗುತ್ತೆ ಅಂತ ಯಾರೋ ಅಂದಿದ್ದರಂತೆ. ಮೊದಲ ನಾಲ್ಕು ಹಾಡು ಹೇಗೋ ದಡ ಸೇರಿದವು. ಒಂದರಲ್ಲಿ ಡ್ರಮ್ಮಿನವರು ಎಲ್ಲರೂ ನಿಂತ ಮೇಲೂ ಹೊಡೆಯುತ್ತಿದ್ದರು. ಮುಂದೆ ನಾಲ್ಕೈದು ಜೋಡಿ ಕುಣಿಯುತ್ತಿದ್ದರು, ಅವರಿಗೆ ಅದೇನೂ ಗೊತ್ತಾಗಲಿಲ್ಲ.

ಐದನೆಯದಕ್ಕೆ ಯಜಮಾನರು ಎದ್ದು ನಿಂತರು. ಹಿಂದಿನ ದಿನ ಕಟ್ಟಿದ ಸುತ್ತು ತಿರುಗುತ್ತಿತ್ತು. ಅವರು ಶುರುಮಾಡಿದ್ದು ಅದೇ ಹಳೇ ರೆಕಾರ್ಡಿನದನ್ನೇ. ಬೆರಳಿಗೆ ಬೇರೆ ಏನು ಗೊತ್ತಿತ್ತು. ಆದರೆ ಅದು ಚುರುಕಾಗಿ ಓಡುವ ಹಾಡಿಗೆ ಅಂತ ಹುಟ್ಟಿದ್ದು, ಇಲ್ಲಿ ಕೆಳಗೆ ನೆಲವೇ ಬೇರೆಯಾಗಿತ್ತು. ಎರಡು ಸಾಲು ಬಂತು, ಮೂರನೆಯದು ಎಲ್ಲೂ ಕೂರಲಿಲ್ಲ. ಅವರು ಟ್ರಂಪೆಟ್ಟನ್ನು ಬಾಯಿಂದ ತೆಗೆದುಬಿಟ್ಟರು.

ಇದಕ್ಕೆ ಕಾರಣ ನಾನು. ಮಣೆಯ ಮೇಲಿನ ಹೂವು, ರವಿಕೆ ಬಟ್ಟೆ ಎಲ್ಲ ಕಣ್ಣ ಮುಂದೆ ಬಂತು. ಸ್ಯಾಕ್ಸೊಫೋನಿನವರು ಸುತ್ತು ಬಿಡಲಿಲ್ಲ. ಒಂದು ಸುತ್ತು ಪೂರ್ತಿ ಖಾಲಿ ಹೋಯಿತು. ಯಜಮಾನರು ಟ್ರಂಪೆಟ್ಟು ಎದೆಗೊತ್ತಿಕೊಂಡು ಸುಮ್ಮನೆ ನಿಂತೇ ಇದ್ದರು. ಮೇಷ್ಟ್ರ ಕೈ ನಿಧಾನವಾಗಿ ತಲೆಯ ಕಡೆ ಏಳುತ್ತಿತ್ತು, ಮುಗಿಸಿಬಿಡೋಣ ಅಂತ. ಯಜಮಾನರು ಅದನ್ನು ನೋಡಿ ಬೇಡ ಅಂತ ತಲೆ ಆಡಿಸಿದರು. ಕೈ ಕೆಳಗಿಳಿಯಿತು. ಇನ್ನೊಂದು ಸುತ್ತು.

ಆಮೇಲೆ ಊದಿದರು. ಎತ್ತರಕ್ಕೆ ಹೋಗಲೇ ಇಲ್ಲ. ಮೂರು ಸ್ವರ, ಬಿಟ್ಟು ಮತ್ತೆ ಅದೇ ಮೂರು, ಇನ್ನೊಂದು ಸೇರಿಸಿ ನಾಲ್ಕು. ಮನೆಯಲ್ಲಿ ಒಬ್ಬರೇ ಇದ್ದಾಗ ಏನೋ ಹುಡುಕುತ್ತಾ ತಮ್ಮಷ್ಟಕ್ಕೆ ಮಾತಾಡಿಕೊಳ್ಳುತ್ತಾರಲ್ಲ, ಹಾಗಿತ್ತು. ಸ್ಯಾಕ್ಸೊಫೋನಿನವರು ಸದ್ದು ತಗ್ಗಿಸಿದರು, ಯಾರೂ ಹೇಳಿರಲಿಲ್ಲ. ಮೂರನೇ ಸುತ್ತಿನಲ್ಲಿ ಒಂದು ಸ್ವರ ಹಿಡಿದು ನಿಂತರು, ಅದು ನಡುವೆ ಒಡೆಯಿತು, ಕೇಳುವವರಿಗೆಲ್ಲ ಕೇಳಿಸುವ ಹಾಗೆ ಒಡೆಯಿತು. ಅವರು ಅದನ್ನು ಬಿಡದೆ ಒಡೆದದ್ದನ್ನೇ ಎಳೆದುಕೊಂಡು ಕೆಳಗೆ ತಂದಿಟ್ಟರು. ಕೂತರು. ತುಟಿಯಲ್ಲಿ ರಕ್ತ ಇತ್ತು, ಕರವಸ್ತ್ರ ಒತ್ತಿಕೊಂಡರು. ಮೇಷ್ಟ್ರು ತಲೆಯ ಮೇಲೆ ಕೈಯಿಟ್ಟರು.

ಮುಗಿದ ಮೇಲೆ ಕಾರು ನಿಲ್ಲಿಸುವಲ್ಲಿ ಯಜಮಾನರು ನಮ್ಮ ಹತ್ತಿರ ಬಂದರು.

"ಹೇಗಿತ್ತು ಅಂತ ಕೇಳ್ತಿದ್ದಾರೆ ಅಜ್ಜಿ," ಅಂದಳು ಮೊಮ್ಮಗಳು.

"ಹಳೇದೇ ಚೆನ್ನಾಗಿತ್ತು ಅನ್ನು."

"ಅಜ್ಜಿ. ನೋ. ಪ್ಲೀಸ್."

ಅವಳ ಮುಖ ನೋಡಿಯೇ ಅವರಿಗೆ ಅರ್ಥವಾಯಿತು, ಹೇಳು ಹೇಳು ಅಂತ ಕೈಯಾಡಿಸಿದರು. ಹೇಳಿದಳು. ಅವರು ಕೆನ್ನೆ ಹಿಡಿದುಕೊಂಡು ನಕ್ಕರು, ನೋವಾಯಿತು, ಮತ್ತೂ ನಕ್ಕರು. ಚೆನ್ನಾಗಿರದೆ ಏನು, ಅವನಂಥವನು ಇನ್ನೊಬ್ಬ ಹುಟ್ಟಲಿಲ್ಲ ಅಂದರು.

"ಇನ್ನೂ ಇದೆ, ಪೂರ್ತಿ ಹೇಳು," ಅಂದೆ. "ಹಳೇದು ಎಷ್ಟು ಸಲ ಕೇಳಿದೀನಿ ಅಂದ್ರೆ ಸಾರಿಗೆ ಒಗ್ಗರಣೆ ಹಾಕ್ತಾ ನಾನೇ ಗುನುಗ್ತೀನಿ. ಇವತ್ತು ಮುಂದೆ ಏನು ಬರುತ್ತೆ ಅಂತ ಗೊತ್ತಿರಲಿಲ್ಲ. ಅದಕ್ಕೆ ಕೂತು ಕೇಳಿದೆ. ಪುಸ್ತಕ ನಾನು ಕೇಳದೆ ಇಟ್ಟಿದ್ದು ತಪ್ಪು, ಅದನ್ನೂ ಹೇಳು."

ಅವರು ನನ್ನ ಕೈ ಹಿಡಿದು ಒಂದು ಸಲ ಅಲುಗಿಸಿ ತಮ್ಮ ಕಾರಿನ ಕಡೆ ಹೋದರು.

ಭಾನುವಾರ ಪೂಜೆ ಮಾಡಿ ಫೈಲುಗಳನ್ನು ಎತ್ತಿದೆ. ಸೋಮವಾರ ಅವರ ಹಲ್ಲು ಹೋಯಿತು. ಮಂಗಳವಾರ ಮಗಳು ಆಫೀಸಿಗೆ ಹೋಗುವ ದಾರಿಯಲ್ಲಿ ಅವರ ಮನೆಗೆ ಅಕ್ಕಿ ಗಂಜಿ ಕೊಟ್ಟು ಬಂದಳು. ಉಪ್ಪು ಕಮ್ಮಿ ಅಂತ ಹೇಳಿ ಕಳಿಸಿದರು. ಮೇಷ್ಟ್ರು ಆ ವಾರವೇ ಫೈಲುಗಳನ್ನೆಲ್ಲ ಇನ್ನೊಂದು ಜೊತೆ ಜೆರಾಕ್ಸು ಮಾಡಿಸಿ ತಮ್ಮ ಮನೆಯಲ್ಲಿಟ್ಟುಕೊಂಡರು. ನನಗೆ ಬೇಜಾರಿಲ್ಲ, ನಾನಾದರೂ ಅದನ್ನೇ ಮಾಡುತ್ತಿದ್ದೆ.

ಚಳಿಗಾಲದಲ್ಲಿ ಯಜಮಾನರಿಗೆ ಹೊಸ ಹಲ್ಲು ಕೂರಿಸಿದರು. ಎರಡು ತಿಂಗಳು ಮನೆಯಲ್ಲಿ ಊದಿ ನೋಡಿದರಂತೆ. ಕೆಳಗಿನ ಸ್ವರ ಬಂತು, ಮೇಲಿನದು ಬರಲಿಲ್ಲ. ಒಂದು ಮಂಗಳವಾರ ಬಂದು, ನಾಲ್ಕನೇ ಟ್ರಂಪೆಟ್ಟು ಊದುತ್ತಿದ್ದ ಹೆಂಗಸಿನ ಕುರ್ಚಿಯ ಹಿಂದೆ ನಿಂತು ಏಳು ಅಂದರು. ಆಯಮ್ಮ ಪೋಸ್ಟಾಫೀಸಿನಲ್ಲಿದ್ದವಳು, ಮೂಲೆಯಲ್ಲಿ ಕೂತು ಯಾರ ಕಣ್ಣಿಗೂ ಬೀಳದೆ ಊದಿಕೊಂಡು ಹೋಗುತ್ತಿದ್ದವಳು. ಆಕೆಯನ್ನು ಎರಡನೇ ಕುರ್ಚಿಗೆ ಕಳಿಸಿ ತಾವು ನಾಲ್ಕನೆಯದರಲ್ಲಿ ಕೂತರು. ಆಕೆ ಬೇಡ ಬೇಡ ಅಂದಳು, ಇವರು ಕೇಳಿಸಿಕೊಳ್ಳಲಿಲ್ಲ. ನಾನು ಅವರಿಬ್ಬರ ಫೈಲುಗಳನ್ನು ಅದಲುಬದಲು ಮಾಡಿದೆ.

ನಲವತ್ತೆರಡಕ್ಕೆ ಈಗ ಎದ್ದು ನಿಲ್ಲುವವಳು ಆಕೆಯೇ. ವಾರಕ್ಕೊಂದು ಥರ ಊದುತ್ತಾಳೆ. ಕೆಲವು ವಾರ ಕೇಳೋಕಾಗುವುದಿಲ್ಲ. ಮೊನ್ನೆ ಮಂಗಳವಾರ ಎಲ್ಲಿಗೋ ಹೋಗಿಬಿಟ್ಟಳು, ವಾಪಸ್ಸು ಬರುವ ದಾರಿ ಕಾಣದೆ ಅಲ್ಲೇ ಸುತ್ತುತ್ತಿದ್ದಳು. ಯಜಮಾನರು ಟ್ರಂಪೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು, ಬಾಯಿ ಅರ್ಧ ತೆರೆದು, ಆಕೆಯನ್ನೇ ನೋಡುತ್ತಿದ್ದರು. ಆಕೆ ಹೇಗೋ ಬಂದು ಸೇರಿ ಕೂತಳು. ನಾಲ್ಕನೇ ಟ್ರಂಪೆಟ್ಟು ಅಲ್ಲಿ ಎತ್ತಿಕೊಳ್ಳಬೇಕಿತ್ತು. ಎತ್ತಿಕೊಳ್ಳಲಿಲ್ಲ. ಇಡೀ ಬ್ಯಾಂಡು ನಿಂತುಹೋಯಿತು, ಮೇಷ್ಟ್ರು ಕೋಲಿನಿಂದ ಸ್ಟ್ಯಾಂಡು ಕುಟ್ಟಿ, ನಿಮ್ಮ ಗಮನ ಎಲ್ಲಿದೆ ಅಂತ ಯಜಮಾನರಿಗೆ ಚೆನ್ನಾಗಿ ಬೈದರು. ಅವರು ತಪ್ಪಾಯಿತು ಅಂತ ಕೈಯೆತ್ತಿ, ಹಾಳೆಯಲ್ಲಿ ತಮ್ಮ ಜಾಗ ಹುಡುಕಿ, ಅದರ ಮೇಲೆ ಬೆರಳಿಟ್ಟುಕೊಂಡರು.